ಕೆಮ್ಮಿನ ಲೆಕ್ಕ

ಮಾರ್ಚ್ 3, ಮಂಗಳವಾರ

ತಮ್ಮಾ,

ನಿಮ್ಮ ಪ್ರಯೋಗಾಲಯದ ವ್ಯಾನಿನಲ್ಲಿ ಕಳಿಸುತ್ತಿರುವ ಐಸ್ ಡಬ್ಬಿ ತೆರೆದ ಕೂಡಲೇ ಕೈಗೆ ಸಿಗಲೆಂದು ಈ ಕಾಗದವನ್ನು ಮುಚ್ಚಳದ ಒಳಮೈಗೇ ಅಂಟಿಸಿದ್ದೇನೆ. ಒಳಗೆ ಆರು ಕೊಳವೆಗಳಿವೆ. ಆರು ಹಂದಿಗಳ ಮೂಗಿಗೆ ಹತ್ತಿಕಡ್ಡಿ ಹಾಕಿ ತೆಗೆದದ್ದು. ಪ್ರಯೋಗಾಲಯದಲ್ಲಿ ಕೂತ ನಿಮ್ಮಂಥವರಿಗೆ ಕೊಳವೆ ಮಾತ್ರ ಗೊತ್ತು, ಅದರ ಹಿಂದಿನ ಒದೆ ಗೊತ್ತಿಲ್ಲ. ನನ್ನ ಮೊಣಕಾಲು ಬದನೆಕಾಯಿ ಬಣ್ಣಕ್ಕೆ ತಿರುಗಿದೆ.

ಕೊಟ್ಟಿಗೆಯಲ್ಲಿ ಕೆಮ್ಮು ಶುರುವಾಗಿದೆ. ಅಪ್ಪ ಹೋದ ಮೇಲೆ ಇಪ್ಪತ್ತಾರು ವರ್ಷದಲ್ಲಿ ಇದೇ ಮೊದಲು. ಇಲ್ಲಿಯ ಪಶುವೈದ್ಯರನ್ನು ಕರೆದರೆ ಬೇಲಿಯಾಚೆಯೇ ನಿಂತು, "ಬಿಳಿ ಹಂದಿ ಆಗಿದ್ರೆ ಯೋಚ್ನೆ ಮಾಡ್ಬೇಕಿತ್ತು ಕಣಮ್ಮ. ನಾಟಿ ಹಂದಿ ಕಲ್ಲು ತಿಂದು ಅರಗಿಸಿಕೊಳ್ಳುತ್ತೆ, ಅದಕ್ಕೆ ಕೆಮ್ಮು ಯಾವ ಮಹಾ?" ಎಂದು ಹೇಳಿ ಹೊರಟೇಬಿಟ್ಟರು. ಬೂಟಿಗೆ ಕೆಸರೂ ಮುಟ್ಟಿಸಿಕೊಳ್ಳಲಿಲ್ಲ.

ನಾನು ಅಪ್ಪನ ಪದ್ಧತಿಯಲ್ಲೇ ಲೆಕ್ಕ ಇಡುತ್ತಿದ್ದೇನೆ. ಬೆಳಿಗ್ಗೆ ಮೇವಿಗೆ ಮುಂಚೆ ಬಾಗಿಲು ತೆಗೆದು ಮೂರು ಚಪ್ಪಾಳೆ. ಮಲಗಿದ್ದವೆಲ್ಲ ಎದ್ದು ಮೈ ಕೊಡವಿದಾಗ ಎದೆಯಲ್ಲಿದ್ದದ್ದು ಹೊರಬರುತ್ತದೆ. ಆಗ ಕಣ್ಣು ಮುಚ್ಚಿ ನಿಂತು, ಒಂದು ಕೆಮ್ಮಿಗೆ ಒಂದು ಕಾಳನ್ನು ಬಲಜೇಬಿನಿಂದ ಎಡಜೇಬಿಗೆ ಹಾಕುವುದು. "ಕಣ್ಣು ಬಿಟ್ರೆ ಮುದ್ದಿನ ಹಂದಿದು ಎರಡು ಸಲ ಎಣಿಸ್ತೀಯ, ಬೇಡದ್ದರದ್ದು ಬಿಟ್ಟುಬಿಡ್ತೀಯ. ಕಿವಿ ಪಕ್ಷಪಾತ ಮಾಡಲ್ಲ" ಎನ್ನುತ್ತಿದ್ದರಲ್ಲ, ನಿನಗೂ ನೆನಪಿರಬೇಕು. ಭಾನುವಾರ ಹನ್ನೊಂದು, ನಿನ್ನೆ ಹದಿನಾಲ್ಕು, ಇವತ್ತು ಹದಿನೇಳು.

ನಲವತ್ತಮೂರು ಕರಿ ಜೀವಗಳು. ಈ ತಳಿ ಇನ್ನೆಲ್ಲೂ ಉಳಿದಿಲ್ಲವೆಂದು ನಿಮ್ಮ ಕಚೇರಿಯವರೇ ಬರೆದುಕೊಂಡು ಹೋಗಿದ್ದಾರೆ. ಇರುವುದೆಲ್ಲ ಒಂದೇ ಸೂರಿನಡಿ. ನನಗೆ ಹೆದರಿಕೆಯಾಗುತ್ತಿದೆ, ಸುಮ್ಮನೆ ಏಕೆ ಮುಚ್ಚಿಡಲಿ. ಬೇಗ ನೋಡಿ ಹೇಳು. ಫೋನು ಮಾಡಬೇಡ. ಫೋನಿನಲ್ಲಿ ನೀನು ಬರೀ ಹ್ಞೂಂ ಹ್ಞೂಂ ಎನ್ನುತ್ತೀಯ, ಬರೆದರೆ ನಾಲ್ಕು ಮಾತಾದರೂ ಸಿಗುತ್ತದೆ.

ನಿನ್ನ ಅಕ್ಕ


ಮಾರ್ಚ್ 6, ಶುಕ್ರವಾರ

ಅಕ್ಕಾ,

ಕೊಳವೆಗಳು ಒಡೆಯದೆ ಬಂದವು. ರಕ್ತ ಬೆರೆಸಿದ ತಟ್ಟೆಗಳಲ್ಲಿ ಎರಡು ದಿನ ಬೆಳೆಸಿ ನೋಡಿದೆ. ಗಾಬರಿಯಾಗುವಂಥದ್ದಲ್ಲ. ಹವೆ ಬದಲಾದಾಗ ಹಂದಿಗಳ ಮೂಗು ಗಂಟಲಲ್ಲಿ ಕಾಣಿಸಿಕೊಳ್ಳುವ ಬ್ಯಾಕ್ಟೀರಿಯಾ ಅಷ್ಟೆ. ಡಬ್ಬಿಯಲ್ಲಿ ಔಷಧಿಯ ಪುಡಿ ಇಟ್ಟಿದ್ದೇನೆ, ಹತ್ತು ದಿನ ಕುಡಿಯುವ ನೀರಿಗೆ ಹಾಕು. ಮಧ್ಯೆ ನಿಲ್ಲಿಸಬೇಡ.

ಜೊತೆಗೆ ರಬ್ಬರ್ ಕೈಗವಸಿನ ಪೊಟ್ಟಣವಿದೆ. ಹಂದಿಯ ಬಾಯಿ ಮೂಗು ಮುಟ್ಟುವಾಗ ಹಾಕಿಕೊ. ನಮ್ಮಲ್ಲಿ ಎಲ್ಲರಿಗೂ ಕೊಡುತ್ತಾರೆ, ವಿಶೇಷವೇನಿಲ್ಲ.

ನಾನೇ ಬರುತ್ತಿದ್ದೆ. ಆದರೆ ನಮ್ಮ ಪ್ರಯೋಗಾಲಯದಲ್ಲಿ ಕೆಲಸ ಮಾಡುವವರು ಯಾವ ಹಂದಿ ಕೊಟ್ಟಿಗೆಗೂ ಕಾಲಿಡಬಾರದೆಂಬ ನಿಯಮ ನಿನಗೆ ಗೊತ್ತಲ್ಲ. ಲೆಕ್ಕ ಕಳಿಸುತ್ತಿರು.

ತಮ್ಮ


ಮಾರ್ಚ್ 10, ಮಂಗಳವಾರ

ತಮ್ಮಾ,

ನಿನ್ನ ಕಾಗದ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿತ್ತು. ಆ ಬ್ಯಾಕ್ಟೀರಿಯಾಕ್ಕೆ ಹೆಸರಿಲ್ಲವೇ? ಹೆಸರಿಲ್ಲದ್ದನ್ನು ನಾನು ಬೈಯುವುದು ಹೇಗೆ?

ನಮ್ಮ ಹಿರಿಯ ಹೆಣ್ಣುಹಂದಿ ದೊಡ್ಡಮ್ಮ ಸತ್ತಳು. ಭಾನುವಾರ ಬೆಳಿಗ್ಗೆ ನಾಯಿಯ ಹಾಗೆ ಮುಂಗಾಲೂರಿ ಕೂತಿದ್ದಳು, ಬಾಯಿ ತೆರೆದು ಉಸಿರೆಳೆಯುತ್ತಿದ್ದಳು. ಮಧ್ಯಾಹ್ನಕ್ಕೆ ಮೂಗಿನಲ್ಲಿ ಕೆಂಪು ನೊರೆ ಬಂತು. ಕೊಟ್ಟಿಗೆಯ ಅರ್ಧಕ್ಕರ್ಧ ಅವಳ ಮಕ್ಕಳು ಮೊಮ್ಮಕ್ಕಳೇ. ಅವಳ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಅತ್ತುಬಿಟ್ಟೆ, ನಾಚಿಕೆಯೇನು.

ಆಮೇಲೆ ಎದೆ ಕೊಯ್ದು ನೋಡಿದೆ. ಎರಡೂ ಪುಪ್ಪುಸ ಯಕೃತ್ತಿನ ಹಾಗೆ ಗಟ್ಟಿಯಾಗಿವೆ, ಪಕ್ಕೆಲುಬಿಗೆ ಅಂಟಿಕೊಂಡಿವೆ. ಒಂದು ತುಂಡನ್ನು ಬಾಟಲಿಯಲ್ಲಿ ಕಳಿಸಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು, ಹೆಬ್ಬೆರಳಿಗೆ ಬಟ್ಟೆ ಸುತ್ತಿದ್ದೇನೆ. ಒಲೆ ತಾಗಿತು.

ಇವತ್ತಿನ ಲೆಕ್ಕ ಮೂವತ್ತೆಂಟು. ಕೈಗವಸು ಚೆನ್ನಾಗಿವೆ, ಒಂದನ್ನು ಗಾಳಿ ತುಂಬಿ ಮರಿಗಳಿಗೆ ಆಡಲು ಕೊಟ್ಟೆ.

ಅಕ್ಕ


ಮಾರ್ಚ್ 13, ಶುಕ್ರವಾರ

ಅಕ್ಕಾ,

ಕೈಗವಸು ಆಟದ ಸಾಮಾನಲ್ಲ. ದೊಡ್ಡಮ್ಮನನ್ನು ಕೊಯ್ದಾಗ ಹಾಕಿಕೊಂಡಿದ್ದೆಯೋ ಇಲ್ಲವೋ, ಅಷ್ಟು ಹೇಳು. ಆ ಚಾಕುವನ್ನು ನೀರಿನಲ್ಲಿ ಕುದಿಸು. ಸತ್ತದ್ದನ್ನು ಸುಣ್ಣ ಹಾಕಿ ಆಳವಾಗಿ ಹೂಳು, ಯಾರೂ ಮಾಂಸ ಮುಟ್ಟಬಾರದು. ಸಣ್ಣ ಜ್ವರ ಬಂದರೂ ನನಗೆ ತಿಳಿಸು.

ಪುಪ್ಪುಸದ ತುಂಡಿನಲ್ಲೂ ಅದೇ ಬ್ಯಾಕ್ಟೀರಿಯಾ ಬೆಳೆದಿದೆ. ಔಷಧಿ ಅದನ್ನು ಕೊಲ್ಲುತ್ತದೆ, ತಟ್ಟೆಯಲ್ಲಿ ಪರೀಕ್ಷಿಸಿದ್ದೇನೆ. ಹೆಸರು ಕಟ್ಟಿಕೊಂಡು ನಿನಗೇನಾಗಬೇಕು?

ಇನ್ನೊಂದು ಮಾತು. ಕಳೆದ ತಿಂಗಳು ಪಕ್ಕದ ಜಿಲ್ಲೆಯ ಬಿಳಿ ಹಂದಿ ಸಾಕಣೆಯಲ್ಲಿ ಕೆಮ್ಮು ಕಂಡು ಅಧಿಕಾರಿಗಳು ಒಂದೇ ದಿನದಲ್ಲಿ ಇನ್ನೂರು ಹಂದಿ ಕೊಲ್ಲಿಸಿದರು. ಆದ್ದರಿಂದ ನಿನ್ನ ಕೆಮ್ಮಿನ ವಿಷಯ ಹೊರಗೆ ಯಾರ ಹತ್ತಿರವೂ ಆಡಬೇಡ. ಲೆಕ್ಕ ಇಳಿಯುವವರೆಗೆ ನಮ್ಮಿಬ್ಬರಲ್ಲೇ ಇರಲಿ.

ತಮ್ಮ


ಮಾರ್ಚ್ 20, ಶುಕ್ರವಾರ

ಅಕ್ಕಾ,

ಮಂಗಳವಾರ ವ್ಯಾನು ಬಂತು, ಡಬ್ಬಿ ಬರಲಿಲ್ಲ. "ಬಾಗಿಲು ಹಾಕಿತ್ತು ಸಾರ್, ಹಂದಿಗಳಿಗೆ ಪಕ್ಕದ ಮನೆಯವರು ಮೇವು ಹಾಕ್ತಿದ್ರು" ಎಂದು ವ್ಯಾನಿನವನು ಹೇಳಿದ. ಎಲ್ಲಿಗೆ ಹೋಗಿದ್ದೆ? ಒಂದು ಸಾಲು ಬರೆ.

ತಮ್ಮ


ಮಾರ್ಚ್ 24, ಮಂಗಳವಾರ

ತಮ್ಮಾ,

ಎಲ್ಲಿಗೂ ಹೋಗಿರಲಿಲ್ಲ. ಕೆಲಸವಿತ್ತು. ವ್ಯಾನಿನವನ ಬಾಯಿಗೆ ಬೀಗವಿಲ್ಲ, ಅವನ ಮಾತು ನಂಬಬೇಡ.

ಒಳ್ಳೆಯ ಸುದ್ದಿ ಕೇಳು. ಹದಿನಾರರಿಂದ ಇಪ್ಪತ್ತರವರೆಗೆ ಎಣಿಸಲು ಆಗಲಿಲ್ಲ. ಇಪ್ಪತ್ತೊಂದಕ್ಕೆ ಇಪ್ಪತ್ತೆರಡು ಕೆಮ್ಮು, ಮಾರನೆಯ ದಿನ ಹದಿನೈದು, ನಿನ್ನೆ ಒಂಬತ್ತು, ಇವತ್ತು ಬರೀ ಆರು! ಎಡಜೇಬಿನಲ್ಲಿ ಆರೇ ಕಾಳು ನೋಡಿ ಮೂರು ಸಲ ತಡಕಿದೆ. ನಿನ್ನ ಪುಡಿ ಬ್ರಹ್ಮಾಸ್ತ್ರ ಕಣೋ. ನಿನ್ನನ್ನು ಓದಿಸಿದ್ದು ಸಾರ್ಥಕವಾಯಿತು.

ನನಗೆ ಸ್ವಲ್ಪ ತಲೆ ತಿರುಗುತ್ತದೆ, ಅಷ್ಟೆ. ಕೊಟ್ಟಿಗೆಯ ನೆಲ ಒಂದು ಕಡೆಗೆ ವಾಲಿದೆಯೇನೋ ಅನಿಸುತ್ತಿದೆ. ಗಾರೆಯವನನ್ನು ಕರೆಸಬೇಕು.

ಅಕ್ಕ


ಮಾರ್ಚ್ 27, ಶುಕ್ರವಾರ

ಅಕ್ಕಾ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಮೂರು ವಾರದಿಂದ ಸರಿಯಾಗಿ ಉಂಡಿರಲಿಲ್ಲ, ಇವತ್ತು ಉಂಡೆ. ಎಷ್ಟು ಹೆದರಿದ್ದೆನೆಂದು ಮುಂದೊಂದು ದಿನ ಹೇಳುತ್ತೇನೆ.

ತಳಿ ಕಚೇರಿಯ ಅಧಿಕಾರಿಯ ಹತ್ತಿರ ಮಾತಾಡಿದೆ. ನೀನು ವರ್ಷಗಳಿಂದ ಕೇಳುತ್ತಿದ್ದೆಯಲ್ಲ, ಒಂದಷ್ಟು ಹೆಣ್ಣುಮರಿಗಳನ್ನು ಬೇರೆ ಊರುಗಳಲ್ಲಿ ಸಾಕಿಸಿ ಎಂದು, ಒಪ್ಪಿದ್ದಾರೆ. ಮೂರು ಊರಿಗೆ ಮೂರು ಮೂರರಂತೆ ಒಂಬತ್ತು. ಎರಡು ವಾರ ಲೆಕ್ಕ ಸೊನ್ನೆ ಇರಬೇಕು, ರೋಗವಿಲ್ಲವೆಂದು ನಮ್ಮ ಪ್ರಯೋಗಾಲಯ ಸಹಿ ಹಾಕಬೇಕು.

ನೆಲದ ವಿಷಯ ಏನದು? ನಿನಗೆ ಮೈ ಹುಷಾರಿದೆ ತಾನೆ? ನಿನ್ನೆ ಎರಡು ಸಲ ಫೋನು ಮಾಡಿದೆ, ನೀನು ಎತ್ತಲಿಲ್ಲ.

ತಮ್ಮ


ಮಾರ್ಚ್ 31, ಮಂಗಳವಾರ

ತಮ್ಮಾ,

ಸೊನ್ನೆ. ಶನಿವಾರ ಸೊನ್ನೆ, ಭಾನುವಾರ ಸೊನ್ನೆ, ನಿನ್ನೆ ಸೊನ್ನೆ, ಇವತ್ತೂ ಸೊನ್ನೆ. ಕಣ್ಣು ಮುಚ್ಚಿ ನಿಂತೇ ಇದ್ದೆ. ಒಂದು ಕಾಳೂ ಜೇಬು ದಾಟಲಿಲ್ಲ. ಅಪ್ಪ ಇದ್ದಿದ್ದರೆ ಕುಣಿಯುತ್ತಿದ್ದರು.

ಮೂರು ಊರಿನಲ್ಲಿ ನಮ್ಮ ತಳಿ! ಅದೊಂದು ಆದರೆ ನನಗೆ ಇನ್ನೇನೂ ಬೇಡ. ಇಲ್ಲಿ ಬೆಂಕಿ ಬಿದ್ದರೂ ರೋಗ ಬಂದರೂ ಅಲ್ಲೊಂದು ಬೀಜ ಉಳಿಯುತ್ತದೆ. ಒಂಬತ್ತನ್ನು ಆರಿಸಿ ಬಾಲದ ಬುಡಕ್ಕೆ ಬಣ್ಣ ಹಚ್ಚಿದ್ದೇನೆ. ಅವನ್ನು ಸಾಕುವ ಮನೆಗಳನ್ನೂ ನಾನೇ ಆರಿಸಿ ಕಚೇರಿಗೆ ತಿಳಿಸುತ್ತೇನೆ.

ಫೋನು ಕೆಟ್ಟಿದೆ. ಬಡಿದುಕೊಳ್ಳುವುದೇ ಇಲ್ಲ, ಎತ್ತಿದರೆ ಗುಂಯ್ ಎಂಬ ಸದ್ದೂ ಇಲ್ಲ. ರಿಪೇರಿಯವನು ಬಂದು ನೋಡಿ, ಎರಡೂ ಕೈ ಆಡಿಸಿ, ಏನೂ ಮಾಡದೆ ಹೋದ. ಕೆಲಸಗಳ್ಳ.

ಅಕ್ಕ


ಏಪ್ರಿಲ್ 7, ಮಂಗಳವಾರ

ತಮ್ಮಾ,

ಲೆಕ್ಕ ಸೊನ್ನೆ. ಆದರೂ ಎರಡು ಮರಿ ಸತ್ತವು. ಕೆಮ್ಮಲೂ ಇಲ್ಲ, ಕಿರುಚಲೂ ಇಲ್ಲ ಪಾಪ, ಬಾಯಿ ಮಾತ್ರ ತೆರೆದುಕೊಂಡು ಸತ್ತವು. ಇಷ್ಟು ಮೌನವಾಗಿ ಸಾಯುವ ಮರಿಗಳನ್ನು ನಾನು ಕಂಡಿರಲಿಲ್ಲ. ದೊಡ್ಡವೂ ಮಧ್ಯಾಹ್ನ ಪಕ್ಕೆ ಎಳೆದುಕೊಳ್ಳುತ್ತವೆ. ಸೆಕೆ ಜಾಸ್ತಿ. ಈ ಸೆಕೆಗೆ ಹಕ್ಕಿಗಳು ಕೂಡ ಬಾಯಿ ಮುಚ್ಚಿಕೊಂಡಿವೆ.

ಆ ವ್ಯಾನಿನವನಿಗೆ ಸ್ವಲ್ಪ ಬುದ್ಧಿ ಹೇಳು. ಮುಂಚೆ ಗಂಟೆಗಟ್ಟಲೆ ಹರಟುತ್ತಿದ್ದ, ಈಗ ಮುಖ ಗಂಟು ಹಾಕಿಕೊಂಡು ಬಾಯಲ್ಲೇ ಏನೋ ಗೊಣಗುತ್ತಾನೆ. "ಗಟ್ಟಿಯಾಗಿ ಹೇಳೋ" ಎಂದರೆ ದುರುಗುಟ್ಟಿ ನೋಡುತ್ತಾನೆ. ಬಡವರ ಮೇಲೆ ಎಲ್ಲರದೂ ಜೋರು.

ಅಕ್ಕ


ಏಪ್ರಿಲ್ 10, ಶುಕ್ರವಾರ

ಅಕ್ಕಾ,

ಕೆಮ್ಮಿಲ್ಲದೆ ಸತ್ತವೆಂದರೆ ವಿಚಿತ್ರ. ಇದೇ ಬ್ಯಾಕ್ಟೀರಿಯಾ ಆಗಿದ್ದರೆ ಕೆಮ್ಮಬೇಕಿತ್ತು. ಸೆಕೆಯೇ ಇರಬಹುದು. ನಾಲ್ಕು ದಿಕ್ಕಿಗೂ ನೀರು ಇಡು, ಗೋಣಿ ನೆನೆಸಿ ಕಟ್ಟು.

ಹೊಸದಾಗಿ ಮೂಗಿನ ಕಡ್ಡಿ ತರಿಸಿ ಪರೀಕ್ಷಿಸಬೇಕೆಂದುಕೊಂಡೆ. ಅಧಿಕಾರಿ ಅವಸರ ಮಾಡಿದರು. ನಿನ್ನ ಲೆಕ್ಕ ಎಂದೂ ತಪ್ಪಿದ್ದಿಲ್ಲ, ಅದನ್ನೇ ನಂಬಿ ಸಹಿ ಹಾಕಿದೆ. ಸೋಮವಾರ ಲಾರಿ ಬರುತ್ತದೆ.

ತಮ್ಮ


ಏಪ್ರಿಲ್ 14, ಮಂಗಳವಾರ

ತಮ್ಮಾ,

ಒಂಬತ್ತೂ ಹೋದವು. ಲಾರಿ ಬಂದದ್ದೇ ತಿಳಿಯಲಿಲ್ಲ. ತಿರುಗಿ ನೋಡುವಷ್ಟರಲ್ಲಿ ಬೆನ್ನ ಹಿಂದೆ ನಿಂತಿತ್ತು, ಕಳ್ಳ ಬೆಕ್ಕಿನ ಹಾಗೆ. ಈಗಿನ ಲಾರಿಗಳೆಲ್ಲ ಹೀಗೇನೋ. ಹತ್ತಿಸುವಾಗ ಒಂದೂ ಕಿರುಚಲಿಲ್ಲ ತಮ್ಮಾ. ಅಮ್ಮಂದಿರನ್ನು ಬಿಟ್ಟು ಹೋಗುವ ಹಂದಿಮರಿ ಊರು ಕೇಳುವ ಹಾಗೆ ಕಿರುಚಬೇಕು. ಇವು ಬಾಯಿ ತೆರೆದು ನನ್ನನ್ನೇ ನೋಡುತ್ತ ಹೋದವು. ಆದರೂ ಹೋದವಲ್ಲ, ಅದೇ ಸಂತೋಷ.

ಕೊಟ್ಟಿಗೆಯಲ್ಲಿ ಈಗ ಮೂವತ್ತೊಂದು. ಬೆಳಿಗ್ಗೆ ಚಪ್ಪಾಳೆ ತಟ್ಟಿ ನಿಂತಾಗ ಎಷ್ಟು ನಿಶ್ಶಬ್ದವೆಂದರೆ ಭಯವಾಗುತ್ತದೆ.

ಅಕ್ಕ


ಏಪ್ರಿಲ್ 15, ಬುಧವಾರ

ಅಕ್ಕಾ,

ಈ ಕಾಗದವನ್ನು ವ್ಯಾನಿನವನೇ ನಿನ್ನ ಕೈಗೆ ಕೊಡುತ್ತಾನೆ. ಓದಿದ ತಕ್ಷಣ ಅವನಿಗೆ ಬೆನ್ನು ತಿರುಗಿಸಿ ನಿಲ್ಲು. ಅವನು ಚಪ್ಪಾಳೆ ತಟ್ಟುತ್ತಾನೆ. ಎಷ್ಟು ಸಲ ತಟ್ಟಿದನೆಂದು ಈ ಹಾಳೆಯ ಹಿಂದೆ ಬರೆ.

ನಿನ್ನೆ ಸಂಜೆ ನಿನ್ನ ಮಾತಿನಂತೆ ಅವನನ್ನು ಗದರಲು ಹೋದೆ. ಅವನೇ ತಿರುಗಿ ಬಿದ್ದ. "ಸೊಕ್ಕು ನನಗಲ್ಲ ಸಾರ್, ನಿಮ್ಮಕ್ಕನಿಗೆ. ಗೇಟಲ್ಲಿ ಹಾರ್ನ್ ಹೊಡೆದೂ ಹೊಡೆದೂ ಕೈ ನೋಯುತ್ತೆ, ತಿರುಗೂ ನೋಡಲ್ಲ. ಕಿವಿ ಹತ್ರ ಹೋಗಿ ಕೂಗಿದ್ರೂ 'ಗಟ್ಟಿಯಾಗಿ ಹೇಳೋ' ಅಂತಾರೆ" ಎಂದ. "ಹಂದಿಗಳು?" ಎಂದೆ. "ಅವು ಕೆಮ್ಮೋದು ರಸ್ತೆವರೆಗೂ ಕೇಳುತ್ತಲ್ಲ ಸಾರ್, ನಿಮಗೆ ಗೊತ್ತಿಲ್ವಾ?" ಎಂದು ನನ್ನನ್ನೇ ಕೇಳಿದ.

ಅಕ್ಕಾ, ಕೆಮ್ಮು ನಿಂತಿಲ್ಲ. ನಿನಗೆ ಕೇಳಿಸುವುದು ನಿಂತಿದೆ.

ಅದರ ಹೆಸರು ಸ್ಟ್ರೆಪ್ಟೊಕಾಕಸ್ ಸೂಯಿಸ್. ಮೊದಲ ಆರು ಕೊಳವೆಗಳಲ್ಲೇ ಇತ್ತು. ಹಂದಿಯಿಂದ ಮನುಷ್ಯನಿಗೆ ಗಾಯದ ಮೂಲಕ ಹೋಗುತ್ತದೆ, ಮೆದುಳಿನ ಪೊರೆಗೆ ಏರುತ್ತದೆ, ಕಿವಿ ತೆಗೆಯುತ್ತದೆ, ಜೀವವನ್ನೂ ತೆಗೆಯುತ್ತದೆ. ನನಗೆ ಮಾರ್ಚ್ ಆರಕ್ಕೇ ಗೊತ್ತಿತ್ತು. ಹೆಸರು ಬರೆದರೆ ವರದಿ ಮಾಡಬೇಕು, ವರದಿ ಮಾಡಿದರೆ ಕೊಟ್ಟಿಗೆ ಖಾಲಿ ಮಾಡಿಸುತ್ತಾರೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಕೈಗವಸು ಕಳಿಸಿ ಸುಮ್ಮನಾದೆ.

ವ್ಯಾನಿನಲ್ಲೇ ಕೂತು ದೊಡ್ಡಾಸ್ಪತ್ರೆಗೆ ಹೋಗು. ಜೊತೆಗಿಟ್ಟ ಚೀಟಿಯನ್ನು ಅಲ್ಲಿಯ ಡಾಕ್ಟರ ಕೈಗೆ ಕೊಡು. ಹಂದಿಗಳನ್ನು ಪಕ್ಕದ ಮನೆಯವರು ನೋಡಿಕೊಳ್ಳಲಿ, ಯಾರೂ ಬರಿಗೈಯಲ್ಲಿ ಮುಟ್ಟಬಾರದು. ನಾನು ಮೊದಲು ಅಧಿಕಾರಿಯ ಹತ್ತಿರ ಹೋಗಿ ಆ ಒಂಬತ್ತನ್ನು ನಿಲ್ಲಿಸುತ್ತೇನೆ, ಮಧ್ಯಾಹ್ನದ ಬಸ್ಸಿಗೆ ಹೊರಡುತ್ತೇನೆ.

ತಮ್ಮ


(ಅದೇ ಹಾಳೆಯ ಹಿಂದೆ)

ಏಪ್ರಿಲ್ 15

ತಟ್ಟಲೇ ಇಲ್ಲವಲ್ಲ ಎಂದು ತಿರುಗಿ ನೋಡಿದೆ. ವ್ಯಾನಿನವನು ಅಳುತ್ತಿದ್ದ. ಬೆರಳಿನಲ್ಲಿ ಏಳು ತೋರಿಸಿದ.

ಒಲೆ ತಾಗಿದ್ದಲ್ಲ. ದೊಡ್ಡಮ್ಮನ ಪಕ್ಕೆಲುಬು ಬಿಡಿಸುವಾಗ ಚಾಕು ಹೆಬ್ಬೆರಳಿಗೆ ಇಳಿಯಿತು. ಕೈಗವಸು ಹಾಕಿರಲಿಲ್ಲ. ಆಮೇಲೆ ಐದು ದಿನ ಜ್ವರ, ತಲೆ ಸೀಳಿಹೋಗುವಂಥ ನೋವು, ವಾಂತಿ. ಹೇಳಿದರೆ ಹಂದಿ ಬಿಟ್ಟು ಬಾ ಎನ್ನುತ್ತೀಯೆಂದು ಹೇಳಲಿಲ್ಲ. ಹಂದಿಗೆ ಕೊಟ್ಟ ಪುಡಿಯನ್ನೇ ನಾನೂ ಎರಡು ದಿನ ನುಂಗಿದೆ, ಜ್ವರ ಬಿಟ್ಟಿತು.

ಇವತ್ತು ಕೂಡ ಲೆಕ್ಕದ ಪುಸ್ತಕದಲ್ಲಿ ಸೊನ್ನೆ ಬರೆದಿದ್ದೇನೆ.


ಏಪ್ರಿಲ್ 18, ಶನಿವಾರ, ಆಸ್ಪತ್ರೆ

ಅಕ್ಕಾ,

ನಿನ್ನ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ಬರೆಯುತ್ತಿದ್ದೇನೆ. ನೀನು ನಾನು ಬರೆಯುವ ಕೈಯನ್ನೇ ನೋಡುತ್ತಿದ್ದೀಯ.

ನಿನ್ನ ಬೆನ್ನುಮೂಳೆಗೆ ಸೂಜಿ ಚುಚ್ಚಿ ತೆಗೆದ ನೀರಿನಲ್ಲಿ ಅದೇ ಬ್ಯಾಕ್ಟೀರಿಯಾ ಸಿಕ್ಕಿತು. "ಅರ್ಧಂಬರ್ಧ ಔಷಧಿ ತಗೊಂಡಿದ್ದಾರೆ, ಅದಕ್ಕೇ ಇಷ್ಟು ದಿನ ತಡೆದಿದ್ದಾರೆ. ಜೀವಕ್ಕೆ ಭಯ ಇಲ್ಲ. ಕಿವಿ ಮಾತ್ರ ವಾಪಸ್ ಬರಲ್ಲ" ಎಂದು ಡಾಕ್ಟರು ಹೇಳಿದರು. ನಿನ್ನಿಂದ ಇನ್ನು ಏನನ್ನೂ ಮುಚ್ಚಿಡಲಾರೆ, ಅದಕ್ಕೇ ಅವರು ಹೇಳಿದ್ದನ್ನು ಹಾಗೆಯೇ ಬರೆದೆ. ತಪ್ಪು ನನ್ನದು. ಒಂದು ಹೆಸರು ಬರೆದಿದ್ದರೆ ನೀನು ಆ ಚಾಕು ಹಿಡಿಯುತ್ತಿರಲಿಲ್ಲ.

ಇನ್ನೊಂದೂ ಇದೆ. ಅಧಿಕಾರಿಯ ಬಾಗಿಲವರೆಗೆ ಹೋದೆ. ಅವರು ಊಟಕ್ಕೆ ಹೋಗಿದ್ದರು. ಕಾಯಬಹುದಿತ್ತು. ಕಾಯಲಿಲ್ಲ, ಬಸ್ಸು ಹತ್ತಿದೆ. ಹೇಳಿದರೆ ಒಂದು ಹಂದಿಯೂ ಉಳಿಯುವುದಿಲ್ಲ, ತಳಿಯೇ ಮುಗಿಯುತ್ತದೆ. ನಿನ್ನ ಕಿವಿಯನ್ನೂ ತೆಗೆದು ಹಂದಿಗಳನ್ನೂ ತೆಗೆಯಲೇ? ಆ ಒಂಬತ್ತು ಇನ್ನೂ ಮೂರು ಊರುಗಳಲ್ಲಿವೆ. ಅಲ್ಲಿ ಯಾರಿಗೂ ಏನೂ ಗೊತ್ತಿಲ್ಲ.

ತಮ್ಮ


(ಅದರ ಕೆಳಗೆ, ಅಕ್ಕನ ಅಕ್ಷರ)

ನಿಯಮ ಮುರಿದು ಬೆಳಿಗ್ಗೆ ಕೊಟ್ಟಿಗೆಗೆ ಹೋಗಿ ಬಂದಿದ್ದೀಯ, ನಿನ್ನ ಪ್ಯಾಂಟಿನ ಕೆಸರೇ ಹೇಳುತ್ತದೆ. ಎಷ್ಟು?

(ತಮ್ಮನ ಅಕ್ಷರ)

ಕೆಮ್ಮು ಎಣಿಸಲಾಗಲಿಲ್ಲ ಅಕ್ಕಾ, ಒಂದರ ಮೇಲೊಂದು ಬಿಡುವಿಲ್ಲದೆ ಬರುತ್ತಿತ್ತು. ಕೆಮ್ಮುವ ಹಂದಿಗಳನ್ನು ಎಣಿಸಿದೆ. ಮೂವತ್ತೊಂದರಲ್ಲಿ ಮೂವತ್ತೊಂದು.

(ಅಕ್ಕನ ಅಕ್ಷರ)

ಆ ಮೂರು ಊರುಗಳಲ್ಲಿ ಹಂದಿ ನೋಡಿಕೊಳ್ಳುವವರು ಯಾರು? ನನಗೆ ಗೊತ್ತು, ನಾನೇ ಆರಿಸಿದ್ದು. ಒಬ್ಬಳು ಐದು ತಿಂಗಳ ಬಸುರಿ. ಇನ್ನೊಂದು ಮನೆಯಲ್ಲಿ ಅಜ್ಜ ಮೊಮ್ಮಗಳು ಇಬ್ಬರೇ. ನಾಟಿ ಹಂದಿಗೆ ರೋಗವಿಲ್ಲ, ಬರಿಗೈಯಲ್ಲೇ ಬಾಯಿಗೆ ಮೇವು ಕೊಡಿ, ಬೇಗ ಹೊಂದಿಕೊಳ್ಳುತ್ತವೆ ಎಂದು ಅವರಿಗೆಲ್ಲ ಚೀಟಿ ಬರೆದು ಕಳಿಸಿದ್ದೆ.

ಅಳಬೇಡ. ನೀನು ಅಳುವುದೂ ನನಗೆ ಕೇಳಿಸುವುದಿಲ್ಲ, ಬರೀ ಮುಖ ಕೆಟ್ಟದಾಗಿ ಕಾಣುತ್ತದೆ.

ಹೊಸ ಹಾಳೆ ತೆಗೆದುಕೊ. ಅಧಿಕಾರಿಗೆ ಬರೆ. ಮೊದಲು ಆ ಮೂರು ಊರುಗಳ ಹೆಸರು ಬರೆ, ಇವತ್ತೇ ಜನ ಹೋಗಲಿ. ಆಮೇಲೆ ಆ ರೋಗದ ಹೆಸರು, ಪೂರ್ತಿಯಾಗಿ. ಕೊನೆಗೆ ನಮ್ಮ ಕೊಟ್ಟಿಗೆ, ಮೂವತ್ತೊಂದು ಎಂದು ಬರೆ. ಒಂದನ್ನೂ ಬಚ್ಚಿಡಬೇಡ, ಬಚ್ಚಿಟ್ಟದ್ದು ಸಾಕು. ನೀನೂ ಸಹಿ ಹಾಕು, ನಾನೂ ಹಾಕುತ್ತೇನೆ.

ನನ್ನ ಕಡೆ ತಿರುಗಿ ಬರೆ. ಪ್ರತಿ ಅಕ್ಷರವನ್ನೂ ನಾನು ನೋಡುತ್ತಿರುತ್ತೇನೆ.